ರವಿವಾರದ ಲಿಮಿಟ್ ಹೋಲ್ಡೆಮ್ ಟೂರ್ನಮೆಂಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ನಮ್ಮ ಮನೆಯ ಮಾಳಿಗೆ ಮೇಲೆ ತಿಂಗಳಿಗೆ ಎರಡು ರವಿವಾರ ಒಂಬತ್ತು ಜನ ಲಿಮಿಟ್ ಹೋಲ್ಡೆಮ್ ಎಂಬ ಪೋಕರ್ ಇಸ್ಪೀಟಾಟ ಆಡಲು ಕೂಡುತ್ತೇವೆ. ಹೊಸಬರು ಬಂದಾಗಲೆಲ್ಲ ಅವೇ ಪ್ರಶ್ನೆ, ಅವೇ ಉತ್ತರ. ಹೇಳಿ ಹೇಳಿ ಬಾಯಿ ನೋಯುತ್ತದೆಂದು ಬರೆದಿಟ್ಟಿದ್ದೇನೆ. ನಾನು ಹಗಲೆಲ್ಲ ಅಂಗಡಿಗಳ ಲೆಕ್ಕ ಬರೆಯುವವನು. ಹಾಗಾಗಿ ಇದರಲ್ಲಿ ಲೆಕ್ಕ ಜಾಸ್ತಿ, ಗಂಡೆದೆಯ ಮಾತು ಕಡಿಮೆ.

ರೊಕ್ಕ ಇಟ್ಟು ಆಡ್ತೀರೇನ್ರಿ?

ಇಲ್ಲ. ಪ್ರವೇಶ ಶುಲ್ಕವೂ ಇಲ್ಲ. ಬಹುಮಾನ ಧಾರವಾಡ ಪೇಡಾ: ಮೊದಲನೆಯವರಿಗೆ ಒಂದು ಕೆಜಿ, ಎರಡನೆಯವರಿಗೆ ಅರ್ಧ, ಮೂರನೆಯವರಿಗೆ ಕಾಲು. ನಾಲ್ಕನೆಯವರು ಎಲ್ಲರಿಗೂ ಚಹಾ ಮಾಡಬೇಕು. ಪೇಡಾ ತರುವವನು ನಾನೇ, ಬಹಳ ಸಲ ಬೇಗ ಸೋತು ಎದ್ದು ಚಹಾ ಕಾಯುತ್ತ ಕೂಡುವವನೂ ನಾನೇ.

ಆದರೂ ಇಸ್ಪೀಟು ಅಂದಮೇಲೆ ಜೂಜಲ್ಲವೇ?

ಹಣವಿಲ್ಲದ ಆಟ ಜೂಜಲ್ಲ. ಹಣ ಇಟ್ಟರೆ ಕತೆ ಬೇರೆ. ನಮ್ಮ ರಾಜ್ಯದಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ, ಜೂಜಿನ ಅಡ್ಡೆಗಳ ಮೇಲೆ ದಾಳಿ ಮಾಡುವುದು ಅದರಡಿಯಲ್ಲೇ. ಅದೇ ಕಾಯ್ದೆ ಕೌಶಲದ ಆಟಗಳನ್ನು ಹೊರಗಿಟ್ಟಿದೆ. ಪೋಕರ್ ಯಾವ ಸಾಲಿಗೆ ಸೇರುತ್ತದೆ ಅನ್ನುವ ಜಗಳ ಹೈಕೋರ್ಟ್‌ವರೆಗೂ ಹೋಗಿ ಬಂದಿದೆ. 2021ರ ಅಕ್ಟೋಬರ್‌ನಲ್ಲಿ ರಾಜ್ಯ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದು ಮಾಡಿತು. ಆಮೇಲೆ ಕೇಂದ್ರದ್ದೇ ಬಂತು: ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದ್ದಿರಲಿ ಅದೃಷ್ಟದ್ದಿರಲಿ, ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಆದ್ದರಿಂದ ಮೊಬೈಲ್‌ನಲ್ಲಿ ರೊಕ್ಕ ಹಾಕಿ ಕಲಿಯುತ್ತೇನೆ ಅನ್ನುವವರು ನಮ್ಮ ಮಾಳಿಗೆಗೆ ಬನ್ನಿ.

ಟಿವಿಯಾಗ ಎಲ್ಲಾ ಚಿಪ್ಸು ಒಮ್ಮೆಲೇ ಮುಂದ ದಬ್ಬತಾರಲ್ರಿ, ಹಂಗ ಇಲ್ಲೂ ಮಾಡಬಹುದೇನು?

ಇಲ್ಲ. ಚಿಪ್ಸು ಅಂದರೆ ರೊಕ್ಕದ ಬದಲು ಇಟ್ಟು ಆಡುವ ಬಿಲ್ಲೆಗಳು. ಅವನ್ನು ಎಷ್ಟು ಬೇಕಾದರೂ ಕಟ್ಟುವ ಆ ಆಟ ನೋ ಲಿಮಿಟ್. ಎಲೆ ಹಂಚುವುದು ಎರಡರಲ್ಲೂ ಒಂದೇ ತರಹ: ಕೈಯಲ್ಲಿ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಮೊದಲು ಮೂರು (ಫ್ಲಾಪ್), ಆಮೇಲೆ ಒಂದು (ಟರ್ನ್), ಕೊನೆಗೆ ಒಂದು (ರಿವರ್). ವ್ಯತ್ಯಾಸವಿರುವುದು ಬೆಟ್ಟಿನಲ್ಲಿ. ಲಿಮಿಟ್‌ನಲ್ಲಿ ಎಷ್ಟು ಕಟ್ಟಬೇಕು ಅನ್ನುವುದು ಮೊದಲೇ ಗೊತ್ತು. 50-100ರ ಮಟ್ಟ ಅಂದರೆ ಫ್ಲಾಪ್‌ವರೆಗೆ ಬೆಟ್ಟೂ ಅದನ್ನು ಏರಿಸುವ ರೇಸೂ 50ರ ಲೆಕ್ಕ, ಟರ್ನ್ ಮತ್ತು ರಿವರ್‌ನಲ್ಲಿ 100ರ ಲೆಕ್ಕ. ಬ್ಲೈಂಡ್, ಅಂದರೆ ಬಟನ್ (ಎಲೆ ಹಂಚುವವನ ಜಾಗದ ಗುರುತು) ಇದ್ದವನ ಪಕ್ಕದ ಇಬ್ಬರು ಎಲೆ ನೋಡುವ ಮೊದಲೇ ಇಡಬೇಕಾದದ್ದು, ಸಣ್ಣದು 25 ಮತ್ತು ದೊಡ್ಡದು 50. ಒಂದು ಸುತ್ತಿನಲ್ಲಿ ಒಂದು ಬೆಟ್, ಮೇಲೆ ಮೂರು ರೇಸ್, ಅಲ್ಲಿಗೆ ಮುಗಿಯಿತು. ಕೆಲವು ಕಡೆ ನಾಲ್ಕು ರೇಸ್‌ಗೂ ಬಿಡುತ್ತಾರೆ, ನಮ್ಮಲ್ಲಿ ಮೂರೇ.

ಈ ಸಣ್ಣ ವ್ಯತ್ಯಾಸದಿಂದ ಆಟದ ಗುಣವೇ ಬದಲಾಗುತ್ತದೆ. ಇಲ್ಲಿ ಯಾರನ್ನೂ ಹೆದರಿಸಿ ಓಡಿಸಲು ಬರುವುದಿಲ್ಲ. ಒಂದು ಬೆಟ್ಟಿಗೆ ಹೆದರುವವರು ಯಾರು? ಅಮೆರಿಕದ ಕ್ಲಬ್ಬುಗಳಲ್ಲಿ ಬಹಳ ಕಾಲ ಲಿಮಿಟ್‌ನದೇ ಜೋರು. 2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ ಹವ್ಯಾಸಿ ಆಟಗಾರನೊಬ್ಬ ಗೆದ್ದಮೇಲೆ ಟಿವಿ ತುಂಬ ನೋ ಲಿಮಿಟ್ಟೇ ಆಯಿತು. ನೋಡಲು ಅದು ಚೆಂದ, ಒಪ್ಪುತ್ತೇನೆ.

ಹಂಗಾರ ಇದು ಬರೀ ಅದೃಷ್ಟದ ಆಟ ಆತಲ್ಲ?

ಒಂದು ಡೀಲ್ ನೋಡಿದರೆ ಹೌದು. ಎಕ್ಕದ ಜೋಡಿ ಒಬ್ಬನೇ ಎದುರಾಳಿಯ ಮುಂದೆ ನೂರಕ್ಕೆ ಸುಮಾರು 85 ಸಲ ಗೆಲ್ಲುತ್ತದೆ. ಅದೇ ನಾಲ್ಕು ಜನ ಏನು ಬಂದರೂ ಬಿಡದೆ ಕೊನೆತನಕ ಕೂತರೆ 55ರ ಆಸುಪಾಸಿಗೆ ಇಳಿಯುತ್ತದೆ. ನಮ್ಮ ಮೇಜಿನಲ್ಲಿ ನಾಲ್ಕು ಜನ ಬಿಡದೆ ಕೂಡುವುದು ದಿನದ ಮಾತು. ಎಕ್ಕದ ಜೋಡಿ ಸೋತಿತೆಂದು ಎಲೆ ಒಗೆದು ಎದ್ದವರನ್ನೂ ನೋಡಿದ್ದೇನೆ. ಆದರೆ ಸೋತ ಆ ಡೀಲಿನಲ್ಲೂ ಅವರು ತಪ್ಪೇನೂ ಮಾಡಿರಲಿಲ್ಲ. ತಪ್ಪು ಮಾಡಿದವರು ಗೆದ್ದಿದ್ದರು, ಅಷ್ಟೇ.

ಹೊಸಬರ ದೊಡ್ಡ ತಪ್ಪು ಯಾವುದು?

ನಮ್ಮಲ್ಲಿ ಅದಕ್ಕೊಂದು ಹೆಸರೇ ಬಿದ್ದಿದೆ: "ನೋಡೂಣು ತಡಿ" ರೋಗ. ಕೈಯಲ್ಲಿ ಒಂಬತ್ತು ಮತ್ತು ಮೂರು, ಆದರೂ "ಒಂದು ಬೆಟ್ಟಲ್ಲ, ನೋಡೂಣು ತಡಿ". ಫ್ಲಾಪ್‌ನಲ್ಲಿ ಒಂದು ಮೂರು ಬಿತ್ತು, "ಜೋಡಿ ಆತು, ನೋಡೂಣು ತಡಿ". ಟರ್ನ್‌ಗೆ ಬೆಟ್ ಇಮ್ಮಡಿ ಆದಾಗ "ಇಷ್ಟು ಹಾಕೀನಿ, ಇನ್ನ ಬಿಡೂದೇನು". ರಮ್ಮಿಯಿಂದ, ಮೂರೆಲೆ ಆಟದಿಂದ ಬಂದವರಿಗೆ ಇದು ಬೇಗ ಅಂಟುತ್ತದೆ.

ಲೆಕ್ಕ ನೋಡಿ. ರೇಸೇ ಇಲ್ಲದೆ, ಪ್ರತಿ ಸುತ್ತಿಗೂ ಒಂದೊಂದು ಬೆಟ್ ಕೊಟ್ಟು ಕೊನೆಯವರೆಗೆ ಹೋದರೆ ಖರ್ಚಾಗುವುದು ಮೂರು ದೊಡ್ಡ ಬೆಟ್ (50-100ರಲ್ಲಿ 100ರದು ದೊಡ್ಡ ಬೆಟ್, 50ರದು ಸಣ್ಣ ಬೆಟ್). ಮೊದಲ ಬೆಟ್ ಅದರ ಆರನೇ ಒಂದು ಭಾಗ ಮಾತ್ರ. ಆ ಆರನೇ ಭಾಗಕ್ಕೆ ಆಸೆಪಟ್ಟು ಒಳಗೆ ಬಂದವನು ಉಳಿದ ಐದನ್ನೂ ಕೊಟ್ಟೇ ಹೋಗುತ್ತಾನೆ. ಲಿಮಿಟ್ ಟೂರ್ನಮೆಂಟಿನ ಅರ್ಧ ಬುದ್ಧಿವಂತಿಕೆ ಫ್ಲಾಪ್‌ಗೆ ಮೊದಲೇ ಎಲೆ ಮಡಚಿ ಆ ಡೀಲ್ ಬಿಟ್ಟುಬಿಡುವುದರಲ್ಲಿದೆ.

ಹಂಗಾರ ಯಾವ ಎಲೆ ಬಂದ್ರ ಆಡಬೇಕ್ರಿ?

ಎರಡೆಲೆಯ ಕೈಗಳು ಒಟ್ಟು 1,326. ಯಾವ ಬಣ್ಣ (ಆಟೀನು, ಇಸ್ಪೀಟು ಇತ್ಯಾದಿ) ಅನ್ನುವುದನ್ನು ಬಿಟ್ಟು, ಎರಡೂ ಒಂದೇ ಬಣ್ಣವೋ ಅಲ್ಲವೋ ಎಂದಷ್ಟೇ ನೋಡಿದರೆ 169 ಬಗೆ. ಒಂಬತ್ತು ಜನರ ಮೇಜಿನಲ್ಲಿ ಬ್ಲೈಂಡ್‌ಗಳ ಪಕ್ಕದಲ್ಲೇ ಕೂತು ಮೊದಲು ಮಾತಾಡಬೇಕಾದವರು ಇವುಗಳಲ್ಲಿ ಬೆರಳೆಣಿಕೆಯವನ್ನು ಮಾತ್ರ ಆಡಬೇಕು: ಎಂಟರಿಂದ ಮೇಲಿನ ಜೋಡಿಗಳು, ಎಕ್ಕ-ರಾಜ, ಎಕ್ಕ-ರಾಣಿ, ಒಂದೇ ಬಣ್ಣದ ಎಕ್ಕ-ಗುಲಾಮ, ಒಂದೇ ಬಣ್ಣದ ರಾಜ-ರಾಣಿ. ಬಟನ್ ಹತ್ತಿರವಾದಂತೆ ಬಾಗಿಲು ಅಗಲ ಮಾಡಿಕೊಳ್ಳಬಹುದು, ಯಾಕೆಂದರೆ ಆಗ ಉಳಿದವರು ಏನು ಮಾಡಿದರೆಂದು ನೋಡಿ ಮಾತಾಡುತ್ತೀರಿ.

ಎಲ್ಲರೂ ಮೋಸಹೋಗುವ ಕೈ ಎಂದರೆ ಎಕ್ಕದ ಜೊತೆ ಸಣ್ಣೆಲೆ. ಎಕ್ಕ-ಆರು ಹಿಡಿದು ಕೂತಿದ್ದೀರಿ, ಎದುರಿನವನ ಹತ್ತಿರ ಎಕ್ಕ-ರಾಜ. ಫ್ಲಾಪ್‌ನಲ್ಲಿ ಎಕ್ಕ ಬಿದ್ದಾಗ ನಿಮಗೆ ಖುಷಿ, ದುಡ್ಡು ಅವನಿಗೆ. ಈ ಜೋಡಣೆಯಲ್ಲಿ ನೀವು ಗೆಲ್ಲುವುದು ಸುಮಾರು ನಾಲ್ಕು ಸಲಕ್ಕೆ ಒಮ್ಮೆ. ಮೇಜಿನಲ್ಲಿ ಮೂರು-ನಾಲ್ಕು ಜನ ಉಳಿದಾಗ ಮಾತ್ರ ಇದೇ ಕೈಗೆ ಬೆಲೆ ಬರುತ್ತದೆ.

ಸಣ್ಣ ಜೋಡಿಗಳದ್ದು ಇನ್ನೊಂದು ಕತೆ. ಕೈಯಲ್ಲಿ ನಾಲ್ಕರ ಜೋಡಿ ಇದ್ದಾಗ ಫ್ಲಾಪ್‌ನಲ್ಲಿ ಮೂರನೇ ನಾಲ್ಕು ಬೀಳುವುದು ಸುಮಾರು ಎಂಟೂವರೆ ಸಲಕ್ಕೆ ಒಮ್ಮೆ. ನಾಲ್ಕೈದು ಜನ ಒಂದೇ ಬೆಟ್ಟಿಗೆ ಒಳಗೆ ಬಂದಿದ್ದರೆ ನೀವೂ ಬನ್ನಿ. ಒಬ್ಬನೇ ರೇಸ್ ಮಾಡಿ ಕೂತಿದ್ದರೆ ಬಿಡಿ.

"ಪಾಟ್ ಲೆಕ್ಕ" ಅಂತ ಎಲ್ಲರೂ ಅಂತಾರ. ಅದನ್ನ ಒಮ್ಮೆ ಸರಿಯಾಗಿ ಹೇಳ್ರಿ.

ಇದೊಂದು ಬಂದರೆ ಉಳಿದದ್ದು ತಾನಾಗಿ ಬರುತ್ತದೆ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಮಟ್ಟ 50-100. ಫ್ಲಾಪ್‌ಗೆ ಮೊದಲು ಒಬ್ಬರು ರೇಸ್ ಮಾಡಿ 100 ಇಟ್ಟರು. ಬಟನ್‌ನಲ್ಲಿರುವ ನೀವು ಕಾಲ್ (ಅಷ್ಟೇ ಕೊಟ್ಟು ಆಟದಲ್ಲಿ ಉಳಿಯುವುದು), ದೊಡ್ಡ ಬ್ಲೈಂಡ್ ಕೂಡ ಕಾಲ್. ಸಣ್ಣ ಬ್ಲೈಂಡ್ ಬಿಟ್ಟುಹೋದ 25 ಸೇರಿ ಪಾಟ್, ಅಂದರೆ ಗೆದ್ದವರಿಗೆ ಸಿಗುವ ನಡುವಿನ ಗುಡ್ಡೆ, 325. ಫ್ಲಾಪ್‌ನಲ್ಲಿ 50ರ ಬೆಟ್, ಮೂವರೂ ಕೊಟ್ಟರು: 475. ನಿಮ್ಮ ಹತ್ತಿರ ಎರಡು ಆಟೀನು, ನಡುವೆ ಎರಡು ಆಟೀನು. ಇನ್ನೊಂದು ಬಂದರೆ ಫ್ಲಶ್, ಅಂದರೆ ಒಂದೇ ಬಣ್ಣದ ಐದು ಎಲೆ. ಟರ್ನ್‌ನಲ್ಲಿ ಬರಲಿಲ್ಲ. ದೊಡ್ಡ ಬ್ಲೈಂಡ್ 100 ಇಟ್ಟರು, ಮೊದಲು ರೇಸ್ ಮಾಡಿದ್ದವರು ಎಲೆ ಮಡಚಿದರು. ಈಗ ಪಾಟ್ 575, ನೀವು ಕೊಡಬೇಕಾದದ್ದು 100. ಒಂದಕ್ಕೆ ಐದೂಮುಕ್ಕಾಲು ಸಿಗುತ್ತಿದೆ.

ನಿಮಗೆ ಕಾಣದ ಎಲೆಗಳು 46. ಅವುಗಳಲ್ಲಿ ಆಟೀನು 9, ಕೆಲಸಕ್ಕೆ ಬಾರದವು 37. ಅಂದರೆ ಒಂದು ಸಲ ಗೆಲ್ಲಲು ನಾಲ್ಕು ಸಲ ಸೋಲುತ್ತೀರಿ, ಸ್ವಲ್ಪ ಹೆಚ್ಚು. ನಾಲ್ಕು ಕೊಟ್ಟು ಐದೂಮುಕ್ಕಾಲು ತರುವ ವ್ಯಾಪಾರ ಯಾರು ಬಿಡುತ್ತಾರೆ? ಕಾಲ್ ಮಾಡಿ.

ಅದೇ ಜಾಗದಲ್ಲಿ ನೀವು ಸ್ಟ್ರೇಟ್‌ನ (ಒಂದರ ಹಿಂದೊಂದು ಬರುವ ಐದು ಎಲೆ) ನಡುವಿನ ಒಂದೇ ಎಲೆಗೆ ಕಾಯುತ್ತಿದ್ದರೆ? ಕೆಲಸಕ್ಕೆ ಬರುವವು 4, ಬಾರದವು 42. ಹತ್ತೂವರೆ ಸಲ ಸೋತು ಒಂದು ಸಲ ಗೆಲುವು. ರಿವರ್‌ನಲ್ಲಿ ಇನ್ನೊಂದು ಬೆಟ್ ವಸೂಲಾದೀತು ಅಂದುಕೊಂಡರೂ ಲೆಕ್ಕ ಕೂಡುವುದಿಲ್ಲ. ಮಡಚಿ. ದಾರಿ ಅದೇ, ಪಾಟ್ ಅದೇ. ಒಬ್ಬನಿಗೆ ಕಾಲ್ ಸರಿ, ಇನ್ನೊಬ್ಬನಿಗೆ ತಪ್ಪು. "ನೋಡೂಣು ತಡಿ" ಅನ್ನುವವರು ಇಬ್ಬರೂ ಒಂದೇ ಎಂದುಕೊಂಡು ಕೂಡುತ್ತಾರೆ.

ನನ್ನ ಒಳ್ಳೆ ಕೈಯನ್ನ ಇಂಥವರಿಂದ ಕಾಪಾಡಿಕೊಳ್ಳೋದು ಹೆಂಗ?

ಒಂದು ಬೆಟ್ಟಿನಿಂದ ಆಗುವುದಿಲ್ಲ, ಎರಡರಿಂದ ಸ್ವಲ್ಪ ಆಗುತ್ತದೆ. ಮೇಲಿನದೇ 325ರ ಪಾಟ್ ತೆಗೆದುಕೊಳ್ಳಿ. ಫ್ಲಾಪ್‌ನಲ್ಲಿ ಒಬ್ಬ 50 ಇಟ್ಟರೆ ಮುಂದಿನವನಿಗೆ 375ಕ್ಕೆ 50, ಏಳೂವರೆಯ ಭಾವ. ನಡುವೆ ನೀವು ರೇಸ್ ಮಾಡಿ 100 ಇಟ್ಟರೆ ಅವನಿಗೆ 475ಕ್ಕೆ 100, ಐದಕ್ಕೂ ಕಡಿಮೆ. ನಡು ಜೋಡಿ (ಫ್ಲಾಪ್‌ನ ಮೂರರಲ್ಲಿ ಮಧ್ಯದ ಎಲೆಯ ಜೊತೆ ಆದ ಜೋಡಿ) ಹಿಡಿದವನಿಗೆ ಸುಧಾರಿಸಲು ಇರುವುದು ಐದೇ ಎಲೆ, ಸುಮಾರು ಎಂಟಕ್ಕೆ ಒಂದು. ಅವನು ಈಗ ಕಾಲ್ ಮಾಡಿದರೆ ಅದು ನಿಮ್ಮ ಲಾಭ. ಫ್ಲಶ್‌ಗೆ ಕಾಯುವವನು ಹೇಗಿದ್ದರೂ ಹೋಗುವುದಿಲ್ಲ, ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ.

ಒಳ್ಳೆ ಎಲೆ ಇಲ್ಲದಿದ್ರೂ ಇದ್ದಂಗ ಬೆಟ್ ಕಟ್ಟಿ ಬ್ಲಫ್ ಮಾಡಬಾರದೇನು?

ಒಬ್ಬನೇ ಎದುರಿದ್ದಾಗ, ಅದೂ ಅವನಿಗೆ ಎಲೆ ಮಡಚುವ ಅಭ್ಯಾಸವಿದ್ದರೆ ಮಾಡಿ. ಮೂವರ ಮುಂದೆ ಮಾಡುವುದು ಸಂತೆಯಲ್ಲಿ ಪಿಸುಮಾತು ಹೇಳಿದ ಹಾಗೆ.

ರಿವರ್‌ನ್ಯಾಗ ಸೋತೀನಿ ಅನ್ನಸ್ತದ. ಒಂದು ಬೆಟ್ ಉಳಸಬಾರದೇನು?

ಇಲ್ಲಿ ನನ್ನ ಮಾತು ಉಲ್ಟಾ ಹೊಡೆಯುತ್ತದೆ, ಕ್ಷಮಿಸಿ. ಫ್ಲಾಪ್‌ಗೆ ಮೊದಲು ಜಿಪುಣರಾಗಿ ಅಂದವನೇ ರಿವರ್‌ನಲ್ಲಿ ಕೈ ಬಿಚ್ಚಿ ಅನ್ನುತ್ತೇನೆ.

ಕಳೆದ ಮಳೆಗಾಲದ ಒಂದು ಸಂಜೆ. ಕರೆಂಟ್ ಹೋಗಿತ್ತು, ಮೇಜಿನ ನಡುವೆ ಚಾರ್ಜರ್ ಲೈಟು, ಗಿರಮಿಟ್ಟಿನ ತಟ್ಟೆಗಳು ಖಾಲಿಯಾಗಿದ್ದವು. ಮಟ್ಟ 150-300, ಉಳಿದವರು ಐದು ಜನ. ನಾನು ಬಟನ್, ಕೈಯಲ್ಲಿ ರಾಣಿ-ಗುಲಾಮ. ರೇಸ್ ಮಾಡಿದೆ. ದೊಡ್ಡ ಬ್ಲೈಂಡ್‌ನಲ್ಲಿದ್ದ ಓಣಿಯ ಕಾಕಾ ಕಾಲ್ ಮಾಡಿದರು. ಪಾಟ್ 675. ಫ್ಲಾಪ್: ರಾಣಿ, ಒಂಬತ್ತು, ನಾಲ್ಕು. ನಾನು 150, ಕಾಕಾ ಕಾಲ್. ಟರ್ನ್ ಇನ್ನೊಂದು ನಾಲ್ಕು. ನಾನು 300, ಕಾಕಾ ಕಾಲ್. ರಿವರ್ ಇಸ್ಪೀಟು ಎಕ್ಕ. ಅಲ್ಲಿಯವರೆಗೆ ಸುಮ್ಮನಿದ್ದ ಕಾಕಾ ಅಡಿಕೆ ಅಗಿಯುವುದು ನಿಲ್ಲಿಸಿ 300 ಮುಂದಿಟ್ಟರು.

"ಎಕ್ಕ ಬಂದ್ಬಿಡ್ತೇನ್ರಿ ಕಾಕಾ?" ಅಂದೆ.

"ನೋಡಬೇಕಂದ್ರ ಮುನ್ನೂರು ಇಡು ತಮ್ಮಾ."

ಎಲೆ ಮಡಚಿದೆ. ಬಹಳ ಜಾಣತನ ಮಾಡಿದೆ ಅಂತ ಒಳಗೊಳಗೇ ಹೆಮ್ಮೆ. ಕಾಕಾ ತಮ್ಮ ಎಲೆಗಳನ್ನು ಲೈಟಿನ ಕೆಳಗೆ ಇಟ್ಟು ತೋರಿಸಿದರು: ಹತ್ತು ಮತ್ತು ಗುಲಾಮ. ಎಂಟೋ ರಾಜನೋ ಬಂದಿದ್ದರೆ ಸ್ಟ್ರೇಟ್, ಬಂದಿರಲಿಲ್ಲ. ಕೈಯಲ್ಲಿ ಏನೂ ಇರಲಿಲ್ಲ. ಪಾಟ್‌ನಲ್ಲಿ 1,875 ಇತ್ತು, ನಾನು ಕೊಡಬೇಕಾಗಿದ್ದದ್ದು 300. ಏಳು ಸಲಕ್ಕೆ ಒಮ್ಮೆ ನನ್ನ ರಾಣಿ ಗೆದ್ದಿದ್ದರೂ ಆ ಕಾಲ್‌ನಲ್ಲಿ ಲಾಭವಿತ್ತು. ಏಳರಲ್ಲಿ ಆರು ಸಲ ನಾನು ಸೋತಿದ್ದೇನೆ ಅನ್ನುವಷ್ಟು ಖಾತ್ರಿ ನನಗೆಲ್ಲಿಂದ ಬಂದಿತ್ತು? ಅನುಮಾನ ಬಂದಿತ್ತು ಅಷ್ಟೇ. ರಿವರ್‌ನಲ್ಲಿ ತಪ್ಪಾಗಿ ಕಾಲ್ ಮಾಡಿದರೆ ಹೋಗುವುದು ಒಂದು ಬೆಟ್. ತಪ್ಪಾಗಿ ಮಡಚಿದರೆ ಪಾಟ್ ಪೂರ್ತಿ ಹೋಗುತ್ತದೆ. ಕಾಕಾ ಆ ಸಂಜೆ ಒಂದು ಕೆಜಿ ಒಯ್ದರು.

ಚಿಪ್ಸು ಎಷ್ಟು ಕೊಡ್ತೀರಿ, ಮಟ್ಟ ಹೆಂಗ ಏರ್ತದ?

ತಲೆಗೆ 2,000. ಮಟ್ಟಗಳು 20-40, 30-60, 50-100, 100-200, 150-300, 200-400, 300-600. ಒಂದೊಂದಕ್ಕೆ ಇಪ್ಪತ್ತು ನಿಮಿಷ.

ಇಲ್ಲೇ ಒಂದು ಮೋಸ ಅಡಗಿದೆ. ಮೊದಲ ಮಟ್ಟದಲ್ಲಿ ನಿಮ್ಮ ಹತ್ತಿರ 50 ದೊಡ್ಡ ಬೆಟ್ ಇವೆ. ಕೊನೆತನಕ ಹೋಗಿ ಸೋತರೂ 120 ಚಿಪ್ಸು, ಯಾರಿಗೂ ನೋವಿಲ್ಲ. ಎರಡು ತಾಸು ಕಳೆದು 300-600ಕ್ಕೆ ಬರುವಾಗ ನಾಲ್ವರು ಉಳಿದಿದ್ದಾರೆ ಅನ್ನಿ. ಮೇಜಿನ ಒಟ್ಟು 18,000 ನಾಲ್ವರಿಗೆ ಹಂಚಿದರೆ ತಲಾ 4,500, ಅಂದರೆ ಏಳೂವರೆ ದೊಡ್ಡ ಬೆಟ್. ಒಂದೇ ಡೀಲ್ ಕೊನೆತನಕ ಹೋದರೆ 1,800. ಎರಡು ಡೀಲ್ ಸೋತವನು ಚಹಾಕ್ಕೆ ನೀರಿಡಲು ತಯಾರಾಗಬೇಕು. ಲಿಮಿಟ್ ನಿಧಾನದ ಆಟ ಅನ್ನುವ ಮಾತು ಮೊದಲ ಒಂದು ತಾಸಿಗೆ ಮಾತ್ರ ನಿಜ.

ಹಾಗಾದರೆ ಮೊದಲ ತಾಸು ಏನು ಮಾಡಬೇಕು? ಮಂದಿಯನ್ನು ನೋಡಬೇಕು. ಯಾರಿಗೆ "ನೋಡೂಣು ತಡಿ" ರೋಗ, ಯಾರು ರೇಸ್ ಬಂದರೆ ಮಡಚುತ್ತಾರೆ, ಯಾರು ಒಳ್ಳೆ ಎಲೆ ಬಂದಾಗ ಚಿಪ್ಸನ್ನು ಮುಟ್ಟಿ ಮುಟ್ಟಿ ನೋಡುತ್ತಾರೆ. ನಾನು ಈ ಹೊತ್ತಿನಲ್ಲಿ ಮೊಬೈಲ್ ನೋಡುವವರನ್ನು ಕಂಡರೆ ಒಳಗೇ ಸಂತೋಷಪಡುತ್ತೇನೆ.

ಬ್ಲೈಂಡ್ ಕದಿಯೋದು ಅಂದ್ರ ಏನು? ಲಿಮಿಟ್‌ನ್ಯಾಗ ನಡೀತದೇನು?

ಎಲ್ಲರೂ ಮಡಚಿದ ಮೇಲೆ ಬಟನ್‌ನಿಂದ ರೇಸ್ ಮಾಡಿ ಬ್ಲೈಂಡ್‌ಗಳನ್ನು ಎತ್ತಿಕೊಳ್ಳುವುದು. ನಡೆಯುತ್ತದೆ, ಆದರೆ ನೋ ಲಿಮಿಟ್‌ನಷ್ಟಲ್ಲ. ನೀವು ಎರಡು ಸಣ್ಣ ಬೆಟ್ ಇಟ್ಟು ಒಂದೂವರೆ ಗೆಲ್ಲಲು ಹೊರಟಿದ್ದೀರಿ. ಬರೀ ಅದರಿಂದಲೇ ಲಾಭವಾಗಬೇಕಾದರೆ ನೂರಕ್ಕೆ 57ಕ್ಕಿಂತ ಹೆಚ್ಚು ಸಲ ಇಬ್ಬರೂ ಮಡಚಬೇಕು. ದೊಡ್ಡ ಬ್ಲೈಂಡ್‌ಗೋ ಇನ್ನೊಂದೇ ಬೆಟ್ ಕೊಟ್ಟರೆ ಮೂರೂವರೆ ಎದುರಿಗಿದೆ, ಅವರು ಯಾಕೆ ಮಡಚುತ್ತಾರೆ? ಆದ್ದರಿಂದ ಕಾಲ್ ಬಂದರೂ ಆಡಲು ಆಗುವಂಥ ಎಲೆ ಇಟ್ಟುಕೊಂಡೇ ಕದಿಯಿರಿ. ನೀವು ದೊಡ್ಡ ಬ್ಲೈಂಡ್ ಆಗಿದ್ದಾಗ ಸುಲಭಕ್ಕೆ ಬಿಟ್ಟುಕೊಡಬೇಡಿ.

ಚಿಪ್ಸು ಮುಗೀಲಿಕ್ಕೆ ಬಂದಾಗ?

ಬಟನ್ ಒಂದು ಸುತ್ತು ಬರುವಷ್ಟರಲ್ಲಿ ಬ್ಲೈಂಡ್‌ಗೆ ಮುಕ್ಕಾಲು ದೊಡ್ಡ ಬೆಟ್ ಹೋಗುತ್ತದೆ. ನಾಲ್ಕು ದೊಡ್ಡ ಬೆಟ್ ಉಳಿದಿದ್ದರೆ ಐದು ಸುತ್ತಿನ ಆಯುಷ್ಯ, ನಡುವೆ ಮಟ್ಟ ಏರಿದರೆ ಅದೂ ಇಲ್ಲ. ನಿಮ್ಮ ಚಿಪ್ಸು ಎರಡು ಬೆಟ್ಟಿಗಿಳಿಯುವವರೆಗೆ ಕಾಯುವುದು ದೊಡ್ಡ ತಪ್ಪು, ಆಗ ನಿಮ್ಮ ರೇಸ್‌ಗೆ ಯಾರೂ ಮಡಚುವುದಿಲ್ಲ. ಯಾರೂ ಒಳಗೆ ಬಂದಿರದಿದ್ದಾಗ ಎಕ್ಕವಿರುವ ಕೈ, ಯಾವುದೇ ಜೋಡಿ, ರಾಜ-ರಾಣಿ, ಇಂಥವು ಬಂದರೆ ರೇಸ್ ಮಾಡಿ ಒಳಗೆ ಬನ್ನಿ. ಏಳು-ಎಂಟಿನಂಥ ಚೆಂದದ ಕೈಗಳು ಆಗ ಬೇಡ. ಅವು ಮುಂದೆ ಸಿಗುವ ಬೆಟ್‌ಗಳ ಮೇಲೆ ಬದುಕುವ ಕೈಗಳು, ನಿಮ್ಮ ಹತ್ತಿರ ಮುಂದೆ ಕಟ್ಟಲು ಏನೂ ಉಳಿದಿರುವುದಿಲ್ಲ.

ಒಳಗೆ ಬಂದಮೇಲೆ ಹುಬ್ಬಳ್ಳಿ-ಧಾರವಾಡ ನಾನ್‌ಸ್ಟಾಪ್ ಬಸ್ಸು ಹತ್ತಿದಂತೆ. ನವನಗರದಲ್ಲಿ ಇಳೀತೀನಿ ಅಂದರೆ ಆಗುವುದಿಲ್ಲ. ಮೂರರಲ್ಲಿ ಎರಡು ಬೆಟ್ ಹಾಕಿ, ಉಳಿದ ಒಂದನ್ನು ಉಳಿಸಿಕೊಂಡು ಮಡಚುವವರ ಆ ಒಂದು ಬೆಟ್ಟನ್ನು ಮುಂದಿನ ಬ್ಲೈಂಡ್‌ಗಳೇ ತಿನ್ನುತ್ತವೆ.

ನಾಲ್ಕು ಜನ ಉಳಿದಾಗ ಎಲ್ಲರೂ ಯಾಕ ಸುಮ್ಮನಾಗ್ತಾರ?

ಚಹಾದ ಭಯಕ್ಕೆ. ಅದು ತಮಾಷೆಯಾದರೂ ಲೆಕ್ಕವೂ ಅದನ್ನೇ ಹೇಳುತ್ತದೆ. ಒಟ್ಟು ಪೇಡಾ 1,750 ಗ್ರಾಂ. ಎಲ್ಲರೂ ಸಮಾನ ಆಟಗಾರರು ಅಂದುಕೊಂಡರೆ ಆಟ ಶುರುವಾಗುವಾಗ ನಿಮ್ಮ 2,000 ಚಿಪ್ಸಿನ ಬೆಲೆ ಸುಮಾರು 194 ಗ್ರಾಂ ಪೇಡಾ. ಎಲ್ಲರ ಚಿಪ್ಸನ್ನೂ ಗೆದ್ದರೆ ನಿಮ್ಮ ಗುಡ್ಡೆ ಒಂಬತ್ತು ಪಟ್ಟು, ಆದರೆ ಸಿಗುವ ಪೇಡಾ 1,000 ಗ್ರಾಂ, ಐದು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಅಂದರೆ ಗೆದ್ದ ಚಿಪ್ಸಿಗಿಂತ ಕಳೆದುಕೊಂಡ ಚಿಪ್ಸಿನ ಬೆಲೆ ಹೆಚ್ಚು. ಸಮಸಮ ಅನ್ನಿಸುವ ಕಾಲ್‌ಗಳನ್ನು ಈ ಹೊತ್ತಿನಲ್ಲಿ ಬಿಡಬೇಕು, ಅದರಲ್ಲೂ ನಿಮಗಿಂತ ಸಣ್ಣ ಗುಡ್ಡೆಯವನೊಬ್ಬ ಒದ್ದಾಡುತ್ತ ಕೂತಿದ್ದರೆ. ನಿಮ್ಮದೇ ದೊಡ್ಡ ಗುಡ್ಡೆಯಾಗಿದ್ದರೆ ನಡು ಗುಡ್ಡೆಯವರ ಬ್ಲೈಂಡ್ ಮೇಲೆ ಬಿಡದೆ ರೇಸ್ ಮಾಡಿ. ಅವರಿಗೂ ಚಹಾದ ಭಯವಿದೆ.

ಇಬ್ಬರೇ ಉಳಿದಾಗ ಹೆಂಗ ಆಡಬೇಕು?

ಇದಕ್ಕೆ ಉತ್ತರ ಕಂಪ್ಯೂಟರಿನ ಹತ್ತಿರವೇ ಇದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರ ಜನವರಿಯಲ್ಲಿ ಇಬ್ಬರ ಲಿಮಿಟ್ ಹೋಲ್ಡೆಮ್ ಅನ್ನು ಹೆಚ್ಚುಕಡಿಮೆ ಪೂರ್ತಿ ಬಿಡಿಸಿದೆವು ಎಂದು ಪ್ರಕಟಿಸಿದರು. ಕಾರ್ಯಕ್ರಮದ ಹೆಸರು ಸೆಫಿಯಸ್. 4,800 ಪ್ರೊಸೆಸರ್‌ಗಳು ಸುಮಾರು 68 ದಿನ ತಮ್ಮ ಜೊತೆ ತಾವೇ ಆಡಿ ಕಲಿತವು. ಒಬ್ಬ ಮನುಷ್ಯ ಆಯುಷ್ಯವಿಡೀ ಅದರೆದುರು ಆಡಿದರೂ ಅದು ಪರಿಪೂರ್ಣವಲ್ಲ ಎಂದು ಸಾಬೀತು ಮಾಡಲಾಗದಷ್ಟು ಹತ್ತಿರ.

ನಮಗೆ ಬೇಕಾದ್ದು ಅದರಿಂದ ಎರಡೇ. ಬಟನ್‌ಗೆ ಲಾಭ, ಒಂದು ಡೀಲ್‌ಗೆ ದೊಡ್ಡ ಬ್ಲೈಂಡಿನ ನೂರಕ್ಕೆ ಸುಮಾರು 9 ಭಾಗ. ಇಬ್ಬರಿದ್ದಾಗ ಬಟನ್ ಇದ್ದವರೇ ಸಣ್ಣ ಬ್ಲೈಂಡ್, ಫ್ಲಾಪ್ ನಂತರ ಕೊನೆಗೆ ಮಾತಾಡುವವರೂ ಅವರೇ. ಎರಡನೆಯದು, ಬಟನ್‌ನಲ್ಲಿ ಸೆಫಿಯಸ್ ಬರೀ ಕಾಲ್ ಮಾಡಿ ಒಳಗೆ ಬರುವುದು ಇಲ್ಲವೇ ಇಲ್ಲ ಅನ್ನಬಹುದು. ಆಡುವ ಕೈಯಾದರೆ ರೇಸ್, ಅಲ್ಲವಾದರೆ ಮಡಚುವುದು. "ನೋಡೂಣು ತಡಿ" ಅನ್ನುವ ಮಾತು ಆ ಯಂತ್ರಕ್ಕೆ ಯಾರೂ ಕಲಿಸಿರಲಿಲ್ಲ, ಅದಾಗಿಯೂ ಕಲಿಯಲಿಲ್ಲ.

ತಡವಾಗಿ ಬಂದ್ರ ನಡೀತದೇನ್ರಿ?

ನಡೆಯುತ್ತದೆ. ಆಟ ನಾಲ್ಕಕ್ಕೆ ಶುರು, ನಿಮ್ಮ ಕುರ್ಚಿ ಖಾಲಿ ಇದ್ದರೂ ಬ್ಲೈಂಡ್ ಕತ್ತರಿಸುತ್ತಲೇ ಇರುತ್ತೇವೆ. ಧಾರವಾಡದಿಂದ ಬರುವವರು ಚಿಗರಿ ಬಸ್ಸಿಗೆ ಬಂದರೆ ಒಳ್ಳೆಯದು, ಗಾಡಿ ನಿಲ್ಲಿಸಲು ನಮ್ಮ ಓಣಿಯಲ್ಲಿ ಜಾಗವಿಲ್ಲ. ಗಿರಮಿಟ್ಟು ಐದೂವರೆಗೆ ಬರುತ್ತದೆ. ಎಲೆ ಮುಟ್ಟುವ ಮೊದಲು ಕೈ ಒರೆಸಿಕೊಳ್ಳಿ, ಹೋದ ಸಲದ ಕಟ್ಟಿನಲ್ಲಿ ಕಳಾವರ್ ರಾಜನ ಬೆನ್ನಿಗೆ ಎಣ್ಣೆ ಹತ್ತಿ ಮೂರು ತಾಸು ಎಲ್ಲರಿಗೂ ಅವನ ಗುರುತು ಸಿಗುತ್ತಿತ್ತು.